ಲಾಳಿಯ ಎಂಜಲು

ಓದು ಮುಗಿಸಿ ಕಂಪನಿ ಸೇರಿದ ನಮ್ಮ ಕೇರಿಯ ಹುಡುಗರಿಗೆ ಮೊದಲ ದಿನವೇ ಒಂದು ಮಾತು ಕೇಳಿಸುತ್ತೆ: ಇಲ್ಲಿ ನಾವೆಲ್ಲ ಒಂದೇ ಮನೆಯವರು, ನಮ್ಮೆಲ್ಲರ ಮೌಲ್ಯಗಳು ಒಂದೇ. ಆ ಮೌಲ್ಯಗಳನ್ನು ಚಂದದ ಅಕ್ಷರದಲ್ಲಿ ಗೋಡೆಗೆ ಅಂಟಿಸಿರುತ್ತಾರೆ. ಆದರೆ ಗೋಡೆಯ ಮೇಲೆ ಬರೆಯದೆ, ಯಾರೂ ಬಾಯಿಬಿಟ್ಟು ಹೇಳದೆ, ಎಲ್ಲರೂ ಪಾಲಿಸುವ ಮೌಲ್ಯವೊಂದು ಇರುತ್ತಲ್ಲ, ಅದನ್ನು ಕಾಣಬೇಕಾದರೆ ನಾವು ಮುಂಬಯಿಯ ಬಟ್ಟೆ ಗಿರಣಿಗಳಿಗೆ ಹೋಗಬೇಕು.

ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ಊರಲ್ಲಿ ಹೊಲವಿಲ್ಲದವರು, ಬರಕ್ಕೆ ಸಿಕ್ಕವರು ಪರೇಲು, ಲಾಲಬಾಗಿನ ಚಾಳುಗಳಿಗೆ ಬಂದು ತುಂಬಿಕೊಂಡರು. ಉಗಿಯಂತ್ರ ಜಾತಿ ಕೇಳಲಿಲ್ಲ. ಕೇಳಿದವನು ಜಾಬರ್. ಕೆಲಸ ಕೊಡುವವನೂ ಅವನೇ, ಕಿತ್ತುಕೊಳ್ಳುವವನೂ ಅವನೇ. ತನ್ನ ಊರವರನ್ನು, ತನ್ನವರನ್ನು ಒಳಗೆ ಬಿಟ್ಟುಕೊಂಡ. ದಲಿತರಿಗೆ ನೂಲುವ ಖಾತೆ ಸಿಕ್ಕಿತು. ಹೆಚ್ಚು ಕೂಲಿಯ ನೇಯ್ಗೆ ಖಾತೆಯ ಬಾಗಿಲು ಮಾತ್ರ ಮುಚ್ಚಿತ್ತು.

ಯಾಕೆ? ಇಲ್ಲಿ ಸ್ವಲ್ಪ ನಿಂತು ನೋಡೋಣ. ಹೊಕ್ಕುನೂಲಿನ ಕಂಡಿಕೆ ಮುಗಿದಾಗ ನೇಕಾರ ಲಾಳಿಗೆ ಹೊಸ ಕಂಡಿಕೆ ಹಾಕುತ್ತಾನೆ. ಎಳೆಯ ತುದಿಯನ್ನು ಲಾಳಿಯ ಸಣ್ಣ ಕಣ್ಣಿನ ಬಳಿ ಇಟ್ಟು, ಆ ಕಣ್ಣಿಗೆ ತುಟಿ ಹಚ್ಚಿ ಉಸಿರೆಳೆಯುತ್ತಾನೆ. ಎಳೆ ಬಾಯಿಗೆ ಬರುತ್ತೆ, ಮಗ್ಗ ಮತ್ತೆ ಓಡುತ್ತೆ. ದಿನಕ್ಕೆ ಎಷ್ಟೋ ಸಲ ಈ ಕೆಲಸ. ಒಬ್ಬರ ಬಾಯಿ ತಾಗಿದ ಲಾಳಿ ಇನ್ನೊಬ್ಬರ ಬಾಯಿಗೂ ಹೋಗುತ್ತೆ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಇದರಿಂದ ರೋಗ ಹರಡುತ್ತದೆಂದು ವಾದ ನಡೆಯಿತು. ಮುಂಬಯಿಯ ಸವರ್ಣ ನೇಕಾರ ಹೆದರಿದ್ದು ರೋಗಕ್ಕಲ್ಲ, ನಮ್ಮ ಎಂಜಲಿಗೆ. ನಾವು ನೂತ ನೂಲನ್ನೇ ಅವನು ಬಾಯಿಂದ ಎಳೆಯುತ್ತಿದ್ದ. ಅದು ಮೈಲಿಗೆಯಾಗಲಿಲ್ಲ, ನೋಡಿ!

1928ರ ಏಪ್ರಿಲ್‌ನಲ್ಲಿ ಮಹಾಮುಷ್ಕರ ಶುರುವಾಯಿತು. ಸುಮಾರು ಒಂದೂವರೆ ಲಕ್ಷ ಕೆಲಸಗಾರರು, ಅಕ್ಟೋಬರ್ ತನಕ. ನಾವು ಆ ಮುಷ್ಕರವನ್ನು ಹಗುರ ಮಾಡುವವರಲ್ಲ. ಹಸಿದ ಹೊಟ್ಟೆಯಲ್ಲಿ ಆರು ತಿಂಗಳು ನಿಲ್ಲೋದು ಅಂದರೆ ಏನು ಅಂತ ನಮಗೆ ಗೊತ್ತು. ಆದರೆ ಕೆಂಬಾವುಟದ ಬೇಡಿಕೆಪಟ್ಟಿಯಲ್ಲಿ ನೇಯ್ಗೆ ಖಾತೆಯ ಬಾಗಿಲು ಇರಲಿಲ್ಲ. ಅದೇ ಪರೇಲಿನ ಚಾಳಿನಲ್ಲಿ ಬಾಳಿದ ಅಂಬೇಡ್ಕರ್ ಆ ಬಾಗಿಲನ್ನು ತೋರಿಸಿ ಪಟ್ಟು ಹಿಡಿದರು. ಮುಖಂಡರು ಒಲ್ಲದ ಮನಸ್ಸಿನಿಂದ ಸೇರಿಸಿಕೊಂಡರು. ಮಾಲೀಕರದ್ದು ಇನ್ನೂ ಸೊಗಸಾದ ಉತ್ತರ: ಇದು ಅನ್ಯಾಯವೇ ಆದರೂ ಅದಕ್ಕೆ ನಾವು ಹೊಣೆಯಲ್ಲ. ಕೂಲಿಯ ವಿಷಯದಲ್ಲಿ ಎದುರುಬದುರು ನಿಂತವರು ಎಂಜಲಿನ ವಿಷಯದಲ್ಲಿ ಎಷ್ಟು ಬೇಗ ಒಂದೇ ಮನೆಯವರಾದರು!

1929ರಲ್ಲಿ ಮತ್ತೆ ಮುಷ್ಕರ ಬಂದಾಗ ಅಂಬೇಡ್ಕರ್ ಅದನ್ನು ವಿರೋಧಿಸಿದರು. ಕೆಲಸಗಾರರನ್ನು ಒಡೆಯುವವರು ಅಂತ ಹೆಸರು ಬಂತು. ಒಡೆದದ್ದು ಯಾವಾಗ, ಅಣ್ಣಾ? ಲಾಳಿಯ ಕಣ್ಣಿನ ಹತ್ತಿರವೇ ಒಡೆದಿತ್ತಲ್ಲ. 1938ರ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ರೈಲ್ವೆಯ ದಲಿತ ಕೆಲಸಗಾರರ ಸಮ್ಮೇಳನ ನಡೆಯಿತು. ಕೆಲಸಗಾರನಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರು ಎಂದು ಅಂಬೇಡ್ಕರ್ ಅಲ್ಲಿ ಬಿಚ್ಚಿ ಹೇಳಿದರು. ಬ್ರಾಹ್ಮಣಶಾಹಿ ಬ್ರಾಹ್ಮಣರಲ್ಲಿ ಮಾತ್ರ ಇದೆ ಅಂತ ಅವರು ಹೇಳಲಿಲ್ಲ. ಎಲ್ಲ ಜಾತಿಗಳಲ್ಲೂ ಅದು ಹರಿದಿದೆ ಎಂದರು. ಅದೇ ವರ್ಷ ನವೆಂಬರ್ 7ರಂದು, ಮುಷ್ಕರದ ಹಕ್ಕನ್ನು ಕಟ್ಟಿಹಾಕುವ ಮಸೂದೆಯ ವಿರುದ್ಧ, ಅದೇ ಅಂಬೇಡ್ಕರ್ ಅವರ ಪಕ್ಷ ಕಮ್ಯುನಿಸ್ಟರ ಜೊತೆಗೂಡಿ ಒಂದು ದಿನದ ಮುಷ್ಕರ ನಡೆಸಿತು. ಈ ಸಂಗತಿಯನ್ನು ನಮಗೆ ಕಾಲೇಜಿನಲ್ಲಿ ಯಾರೂ ಪಾಠ ಮಾಡಲಿಲ್ಲ.

1982ರ ಜನವರಿಯಲ್ಲಿ ಶುರುವಾದ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಜಾಗದಲ್ಲಿ ಈಗ ಮಾಲ್ ಇದೆ. ಲಾಳಿಗೆ ಬಾಯಿಡುವ ಕೆಲಸವೂ ಇಲ್ಲ.

ಕಂಪನಿ ಸೇರಿದ ನಮ್ಮ ಗೆಳೆಯನೊಬ್ಬ ಮೊನ್ನೆ ಊರಿಗೆ ಬಂದಿದ್ದ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ ಪಕ್ಕದವನು ನಗುನಗುತ್ತಲೇ ಕೇಳಿದನಂತೆ: “ನಿಮ್ಮ ಪೂರ್ತಿ ಹೆಸರು ಏನು? ಯಾವ ಕಡೆಯವರು ನೀವು?”