ದೇವರಾವಿನ ಜಾಡು ಹಿಡಿದು

ಇತಿಹಾಸವೆಂದರೆ ಶಾಸನ, ತಾಳೆಗರಿ, ಕೋಟೆಕೊತ್ತಲಗಳೆಂದೇ ನಾವು ಶಾಲೆಯಲ್ಲಿ ಕಲಿತವರು. ಶಾಸನ ಕೆತ್ತಿಸುವ ಅನುಕೂಲವಿಲ್ಲದ ಜನ ತಮ್ಮ ಚರಿತ್ರೆಯನ್ನು ಎಲ್ಲಿ ಉಳಿಸಿಟ್ಟರು? ದನದ ಕೊಂಬಿನ ಬಣ್ಣದಲ್ಲಿ, ಅಂಗಳದ ಚುಕ್ಕಿಯಲ್ಲಿ, ಸೀರೆಯ ಅಂಚಿನಲ್ಲಿ ಎಂದರೆ ತಪ್ಪಾಗಲಾರದು. ಈ ಮಾತು ನನಗೆ ಮನದಟ್ಟಾದುದು ತಮಿಳುನಾಡಿನ ತೇನಿ ಜಿಲ್ಲೆಯ ಗೂಡಲೂರಿನ ಸೀಮೆಯಲ್ಲಿ.

ನೀಲಗಿರಿಯ ಗೂಡಲೂರು ನಮ್ಮಲ್ಲಿ ಹಲವರಿಗೆ ಗೊತ್ತು. ನಾನು ಹೇಳುತ್ತಿರುವುದು ಕಂಬಂ ಕಣಿವೆಯ ಗೂಡಲೂರು. ಬ್ಯಾಂಕಿನ ಗುಮಾಸ್ತನಾಗಿ ಕುಮಳಿಯಲ್ಲಿದ್ದ ದಿನಗಳಲ್ಲಿ ರಜೆ ಸಿಕ್ಕಿದಾಗಲೆಲ್ಲ ಘಟ್ಟ ಇಳಿದು ಅಲ್ಲಿಗೆ ಹೋಗುತ್ತಿದ್ದೆ. 1895ರಲ್ಲಿ ನೀರು ಹರಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗ ದಾಟಿ, ಲೋವರ್ ಕ್ಯಾಂಪಿಗೆ ಇಳಿದು ಈ ಕಣಿವೆಗೆ ಬರುತ್ತದೆ. ಭತ್ತ, ತೆಂಗು, ದ್ರಾಕ್ಷಿಯ ಚಪ್ಪರಗಳು. ಬಸ್ ನಿಲ್ದಾಣದಲ್ಲಿ ತಮಿಳು, ಅಂಗಡಿಯಲ್ಲಿ ಅಷ್ಟಿಷ್ಟು ಮಲಯಾಳ. ಕೆಲವು ಮನೆಗಳ ಒಳಗೆ ಮಾತ್ರ ಕನ್ನಡ.

ಈ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಯಲಾಗುವ ಕನ್ನಡ ಒಕ್ಕಲಿಗರಿದ್ದಾರೆ. ಹಿರಿಯರು ಕರ್ನಾಟಕದಿಂದ ಬಂದವರೆಂಬುದು ಅವರ ಪರಂಪರೆಯ ನಂಬಿಕೆ. ಹೆಚ್ಚಿನವರಿಗೆ ಕನ್ನಡ ಅಕ್ಷರ ಓದಲು ಬಾರದು, ಶಾಲೆಯೆಲ್ಲ ತಮಿಳಿನಲ್ಲಿ. ಆದರೂ ಮಾತು ಉಳಿದಿದೆ. ಹೇಗೆ?

1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಎಂಬ ಆಂಗ್ಲ ಅಧಿಕಾರಿ ಬರೆದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಇದಕ್ಕೊಂದು ಸುಳಿವಿದೆ. ಗೂಡಲೂರಿನ ನೆರೆಯ ಕಂಬಂನಲ್ಲಿ ಈ ಜನ ಒಂದು ದೇವರ ಮಂದೆಯನ್ನು ಸಾಕುತ್ತಿದ್ದರು. ತಮಿಳರು ಅದನ್ನು ‘ತಂಬಿರಾನ್ ಮಾಡು’ ಎಂದರೆ, ಇವರು ‘ದೇವರಾವು’ ಎಂದರು. ನಮ್ಮ ದಿನಬಳಕೆಯಿಂದ ಮರೆಯಾದ ಹಳಗನ್ನಡದ ‘ಆವು’ ಅಲ್ಲಿ ಮೇಯುತ್ತಿತ್ತು! ಮಲಯಾಳದ ಹಳೆಯ ಮಾತಿನಲ್ಲೂ ‘ಆವ್’ ಉಂಟೆಂಬುದನ್ನು ಈ ಸಂಚಿಕೆಯ ಆಚೆ ಪುಟಗಳ ಓದುಗರು ಬಲ್ಲರು.

ಮಂದೆಗೆ ಒಬ್ಬ ರಾಜನಿರುತ್ತಾನೆ. ಹಳೆಯ ಪಟ್ಟದ ಹೋರಿ ಸತ್ತರೆ ಹೊಸದನ್ನು ಆರಿಸುವ ಕ್ರಮವನ್ನೂ ಗೆಜೆಟಿಯರ್ ವರ್ಣಿಸುತ್ತದೆ. ಶುಭದಿನದಲ್ಲಿ ಮಂದೆಯನ್ನು ಕೂಡಿಸಿ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಬಾಯಿಹಾಕಿದ ಹೋರಿಗೆ ಅರಸಿನ ಕುಂಕುಮ ಹಚ್ಚಿ, ಮಾಲೆ ತೊಡಿಸಿ, ನಂದಗೋಪಾಲಸ್ವಾಮಿ ಎಂದು ಕರೆದು ಮೆರವಣಿಗೆ ಮಾಡುತ್ತಾರೆ. ನಂದಗೋಪಾಲನ ಆ ದೊಡ್ಡಿ ಇಂದಿಗೂ ಗುಡಿಯಂತೆಯೇ ನಡೆಯುತ್ತಿದೆ. ಪೂಜೆ ಜೀವಂತ ದನಗಳಿಗೆ. ಮಾಟ್ಟುಪ್ಪೊಂಗಲಿನಂದು ಕಣಿವೆಯಲ್ಲೆಲ್ಲ ಕೊಂಬುಗಳಿಗೆ ಬಣ್ಣ, ಕೊರಳಿಗೆ ಹೂವು. ಯಾವ ಕಲಾಶಾಲೆಯೂ ಕಲಿಸದ ಈ ಅಲಂಕಾರವನ್ನು ಮಕ್ಕಳು ಅಜ್ಜನ ಕೈ ನೋಡಿ ಕಲಿಯುತ್ತಾರೆ. ಕೈಗೆ ಕೆಲಸ ಹೇಳುವಾಗ ಬಾಯಿಗೆ ಮಾತೂ ಬರುತ್ತದೆ. ಅಲ್ಲಿ ಕನ್ನಡದ ಪಾಠಶಾಲೆಯೆಂದರೆ ಇದೇ.

ದಿಂಡಿಗಲ್ ಸಮೀಪದ ಚಿನ್ನಾಳಪಟ್ಟಿಯಲ್ಲಿ ಇದೇ ಕಥೆ ನೂಲಿನಲ್ಲಿದೆ. ಅಲ್ಲಿನ ದೇವಾಂಗ ನೇಕಾರರು ಮನೆಯಲ್ಲಿ ಕನ್ನಡ ಆಡುತ್ತಾರೆ. ಊರು ಸುಂಗುಡಿ ಸೀರೆಗೆ ಹೆಸರಾದದ್ದು. ಬಟ್ಟೆಯನ್ನು ಸಣ್ಣ ಸಣ್ಣ ಗಂಟುಗಳಾಗಿ ದಾರದಿಂದ ಬಿಗಿದು ಬಣ್ಣದಲ್ಲಿ ಅದ್ದುವುದು. ಗಂಟು ಬಿಚ್ಚಿದಾಗ ಬಣ್ಣ ತಾಗದೆಡೆ ಬಿಳಿಯ ಚುಕ್ಕಿ. ಈ ಕಲೆ ಮಧುರೆಯ ಸೌರಾಷ್ಟ್ರರದು. ಅವರೂ ದೂರದಿಂದ ವಲಸೆ ಬಂದು ಮನೆಮಾತು ಉಳಿಸಿಕೊಂಡವರೇ. ಬೆಳಗ್ಗೆ ಬಾಗಿಲ ಮುಂದೆ ಇಟ್ಟ ಕೋಲದ ಚುಕ್ಕಿಗೂ ಸೀರೆಯ ಚುಕ್ಕಿಗೂ ನಂಟು ಕಾಣಲು ಹೆಚ್ಚಿನ ವಿದ್ವತ್ತು ಬೇಕಿಲ್ಲ.

ಆದರೆ ಕಸುಬು ಕುಸಿದರೆ ಮಾತೂ ಕುಸಿಯುತ್ತದೆ. 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಬಳಿಕ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಪ್ರದೇಶಗಳಿಗೆ ಸೀಮಿತಗೊಳಿಸಿತು. ಹುಲಿಯೂ ಉಳಿಯಬೇಕು, ನಿಜ. ಆದರೆ ಬೆಟ್ಟದ ದನಗಳಿಗೆ ಮೇವಿನ ದಾರಿ ಮುಚ್ಚಿದಾಗ ಮಂದೆಯ ಜತೆ ಮಂದೆಯ ಮಾತುಗಳೂ ಕರಗುತ್ತವೆಂಬುದನ್ನು ಯಾವ ಕಡತವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಸರಗೋಡಿನ ನಾವು 1956ರಿಂದ ಭಾಷೆಯ ಹಕ್ಕಿಗಾಗಿ ಮನವಿ, ಸಭೆ, ಹೋರಾಟ ನಡೆಸಿದವರು. ಅದು ಬೇಕಾದುದೇ. ನಮಗೆ ಕನ್ನಡ ಶಾಲೆಗಳಿವೆ, ಪತ್ರಿಕೆಗಳಿವೆ. ಗೂಡಲೂರ ಸೀಮೆಯವರಿಗೆ ಅವೊಂದೂ ಇಲ್ಲ. ಅವರಲ್ಲಿರುವುದು ದಿನನಿತ್ಯದ ಕೆಲಸಕ್ಕೆ ಅಂಟಿಕೊಂಡ ಮಾತು. ನಮ್ಮಲ್ಲೋ, ಮಕ್ಕಳು ಅಕ್ಷರ ಕಲಿತರೂ ಕಾಸರಗೋಡು ಸೀರೆ ನೇಯುವ ಮಗ್ಗದ ಸದ್ದು ಕೇಳಿದವರಲ್ಲ. ಯಕ್ಷಗಾನ ನೋಡಿದರೂ ಕಿರೀಟದ ಬಿಡಿಭಾಗಗಳ ಹೆಸರು ಹೇಳಲಾರರು. ನನ್ನ ಮನೆಯಲ್ಲೂ ಸ್ಥಿತಿ ಬೇರೆಯಲ್ಲ.

ಆದುದರಿಂದ ಓದುಗರಲ್ಲಿ ಒಂದು ವಿನಂತಿ. ಚಾಪೆ ಹೆಣೆಯುವ, ಹಾಳೆಯ ಮುಟ್ಟಾಳೆ ಕಟ್ಟುವ, ರಂಗೋಲಿ ಇಡುವ ಹಿರಿಯರು ಮನೆಯಲ್ಲಿದ್ದರೆ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ. ಪ್ರತಿ ಎಳೆಗೂ ಪ್ರತಿ ಗಂಟಿಗೂ ಹೆಸರು ಕೇಳಿ ಬರೆದಿಡಲಿ. ಅವರಿಗೆ ಅಕ್ಷರ ಬರುತ್ತದೆ. ಕಂಬಂ ಕಣಿವೆಯ ಅಜ್ಜಂದಿರಿಗೆ ಒದಗದ ಅನುಕೂಲ ಅದು.