ಮುಂಬಯಿಯಲ್ಲಿ ಮನೆ ಯಾರ ಹೆಸರಿನಲ್ಲಿದೆ?

"ಸ್ವಂತ ಮನೆಯೋ, ಬಾಡಿಗೆಯೋ?" ಊರಿಗೆ ಹೋದಾಗಲೆಲ್ಲ ಮುಂಬಯಿ ಕನ್ನಡಿಗರಿಗೆ ಎದುರಾಗುವ ಪ್ರಶ್ನೆ ಇದು. ಕೇಳುವವರದು ತಪ್ಪಲ್ಲ. 2011ರ ಜನಗಣತಿಯಂತೆ ದೇಶದ ನೂರು ಕುಟುಂಬಗಳಲ್ಲಿ ಸುಮಾರು 87 ಸ್ವಂತ ಮನೆಯಲ್ಲಿವೆ. ಹಳ್ಳಿಗಳಲ್ಲಿ ಇದು 95, ಪಟ್ಟಣಗಳಲ್ಲಿ 69. ಆದರೆ ನಮ್ಮ ಮುಂಬಯಿ ಬೆಳೆದದ್ದೇ ಬಾಡಿಗೆಯ ಖೋಲಿಗಳಲ್ಲಿ.

1896ರಲ್ಲಿ ಪ್ಲೇಗ್ ಬಂದ ಮೇಲೆ ಇಕ್ಕಟ್ಟಾದ ವಠಾರಗಳನ್ನು ಸರಿಪಡಿಸಲು 1898ರಲ್ಲಿ ಸರ್ಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. 1920ರ ದಶಕದಲ್ಲಿ ವರ್ಲಿ, ನಾಯಗಾಂವಗಳಲ್ಲಿ ಬಿ.ಡಿ.ಡಿ. ಚಾಳಗಳು ಎದ್ದವು. ಒಂದು ಖೋಲಿ ಎಂದರೆ ಸುಮಾರು 160 ಚದರಡಿ. ಶೌಚಾಲಯ ಮಹಡಿಗೆಲ್ಲ ಸೇರಿ.

ಅದೇ ಕಾಲದಲ್ಲಿ ಬೇರೊಂದು ದಾರಿ ತೋರಿಸಿದವರಲ್ಲಿ ನಮ್ಮ ಕೆನರಾ ಕರಾವಳಿಯ ಮೂಲದವರೂ ಇದ್ದರು. ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳತ್ವದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸೊಸೈಟಿ ಆರಂಭವಾಯಿತು. ದೇಶದ ಮೊದಮೊದಲ ಗೃಹ ಸೊಸೈಟಿಗಳಲ್ಲಿ ಅದೂ ಒಂದು. ಒಬ್ಬನ ಸಂಬಳಕ್ಕೆ ನಿಲುಕದ ಮನೆ ಹತ್ತಾರು ಜನ ಸೇರಿದರೆ ಸಾಧ್ಯ ಎಂಬುದು ಅದರ ಲೆಕ್ಕ.

1947ರ ಬಾಡಿಗೆ ಕಾನೂನು ಬಾಡಿಗೆಯನ್ನು ಹಿಂದಿನ ದರಕ್ಕೆ ಕಟ್ಟಿಹಾಕಿತು. ಇದ್ದವರಿಗೆ ಆಸರೆಯಾಯಿತು. ಆದರೆ ಬಾಡಿಗೆಗೆಂದು ಹೊಸ ಮನೆ ಕಟ್ಟುವ ಉತ್ಸಾಹ ಮಾಲೀಕರಲ್ಲಿ ಉಳಿಯಲಿಲ್ಲ. ಖೋಲಿ ಬೇಕಾದವರು ಪಗಡಿ ಎಂದು ದೊಡ್ಡ ಮೊತ್ತ ಕೊಡಬೇಕಾಯಿತು.

ನಮ್ಮ ಅತ್ತೆಯವರು ಗಿರಗಾಂವದ ಅಂಥದೊಂದು ಖೋಲಿಯಲ್ಲಿ ಬಾಳಿದವರು. ಪಗಡಿಗೆ ಅವರ ಬಳೆಗಳೂ ಹೋಗಿದ್ದವು. ಆದರೆ ಬಾಡಿಗೆ ರಸೀದಿ ಮಾವನವರ ಹೆಸರಿನಲ್ಲಿತ್ತು; ಅವರು ತೀರಿಕೊಂಡ ಮೇಲೆ ನೇರವಾಗಿ ಹಿರಿಯ ಮಗನ ಹೆಸರಿಗೆ ಬಂತು. ಅತ್ತೆಯವರ ಹೆಸರು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

1963ರ ಓನರ್‌ಶಿಪ್ ಫ್ಲ್ಯಾಟ್ ಕಾನೂನು ಕೊಳ್ಳುವವರಿಗೆ ರಕ್ಷಣೆ ಕೊಟ್ಟಿತು. 1977ರಲ್ಲಿ ಇಲ್ಲಿಯೇ ಎಚ್.ಡಿ.ಎಫ್.ಸಿ. ಹುಟ್ಟಿ, ಸಂಬಳದವರಿಗೆ ಗೃಹಸಾಲದ ಬಾಗಿಲು ತೆರೆಯಿತು. ನಮ್ಮವರು ಡೊಂಬಿವಲಿ, ಮೀರಾರೋಡ್, ವಸಾಯಿ ಕಡೆಗೆ ಹೊರಟರು. ಬಾಡಿಗೆದಾರರು ಸೊಸೈಟಿಯ ಸದಸ್ಯರಾದರು.

ಸದಸ್ಯರಾದವರು ಯಾರು ಎಂಬುದನ್ನು ಮಾತ್ರ ಜನಗಣತಿಯ 87 ಹೇಳುವುದಿಲ್ಲ. ಅದು ಕುಟುಂಬದ ಲೆಕ್ಕ, ಹೆಂಗಸಿನದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂಟಿಯಾಗಿಯೋ ಜಂಟಿಯಾಗಿಯೋ ಮನೆ ಅಥವಾ ಜಮೀನು ಇದೆ ಎಂದ ಮಹಿಳೆಯರು ದೇಶದಲ್ಲಿ ನೂರಕ್ಕೆ 43. ಮಹಾರಾಷ್ಟ್ರದಲ್ಲಿ ಅದರ ಅರ್ಧದ ಆಸುಪಾಸು. ಇಷ್ಟು ಮುಂದುವರಿದ ರಾಜ್ಯ ಇದರಲ್ಲಿ ಹಿಂದೆ ಉಳಿದಿರುವುದು ನನಗೆ ಅಂಕಿಗಿಂತ ಹೆಚ್ಚಾಗಿ ಅತ್ತೆಯವರ ಬಳೆಗಳನ್ನೇ ನೆನಪಿಸುತ್ತದೆ.

2021ರ ಏಪ್ರಿಲ್‌ನಿಂದ ಮಹಾರಾಷ್ಟ್ರದಲ್ಲಿ ಮಹಿಳೆಯರ ಹೆಸರಿನಲ್ಲಷ್ಟೇ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಇದೆ. 80 ಲಕ್ಷದ ಮನೆಗೆ 80 ಸಾವಿರ ರೂಪಾಯಿ ಉಳಿತಾಯ. ಗಂಡನ ಹೆಸರೂ ಸೇರಿದರೆ ಇದು ಸಿಗದು. ಆದರೂ ಜಂಟಿ ಹೆಸರು, ಹೆಸರೇ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಇನ್ನೊಂದು ಮಾತು: ನಾಮಿನಿ ಎಂದು ಬರೆಸಿದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ನಾಮಿನಿ ವಾರಸುದಾರರ ಪರವಾಗಿ ನೋಡಿಕೊಳ್ಳುವವರು ಅಷ್ಟೆ. ವಿಲ್ ಬೇರೆಯೇ ಬೇಕು.

ಸಖಿಯರೇ, ಕಪಾಟಿನಲ್ಲಿರುವ ಸೊಸೈಟಿಯ ಶೇರ್ ಸರ್ಟಿಫಿಕೇಟನ್ನು ಒಮ್ಮೆ ತೆಗೆದು ಓದಿ. ಸಾಲದ ಕಂತಿನಲ್ಲಿ ನಿಮ್ಮ ದುಡಿಮೆಯೂ ಇದ್ದರೆ, ಅದರಲ್ಲಿ ನಿಮ್ಮ ಹೆಸರೂ ಇರಲಿ.