ಚೂರು ಕಂಡರೆ ಕೀಳಬೇಡಿ!

ಉತ್ಖನನ ಕಲಿಯಲು ತೋಡಿದ ಈ ಗುಂಡಿಯಲ್ಲಿ ಹೂತಿಟ್ಟ ಮಡಕೆ ಚೂರು, ಬಳೆ ತುಂಡು ಎಲ್ಲವೂ ಇಂದಿನವು. ಕೆಲಸದ ಕ್ರಮ ಮಾತ್ರ ಅಸಲಿ. ಮೊದಲು ದಾರ ಕಟ್ಟಿ ಚೌಕ ಮಾಡಿಕೊಳ್ಳಿ. ಕರಣೆಯಿಂದ ಬಗೆಯದೆ ಮಣ್ಣನ್ನು ಪದರ ಪದರವಾಗಿ ಹೆರೆಯಿರಿ. ಚೂರು ಕಂಡೊಡನೆ ಕಿತ್ತು ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ, ಮೇಷ್ಟ್ರಿಗೂ! ಬ್ರಷ್ಷಿನಿಂದ ಧೂಳು ಸರಿಸಿ, ಆಳ ಅಳೆದು, ಚಿತ್ರ ಬರೆದುಕೊಂಡ ಮೇಲಷ್ಟೇ ಎತ್ತಿ. ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂದು ಬರೆಯದಿದ್ದರೆ ಅದರ ಕಾಲ ಹೇಳುವುದು ಕಷ್ಟ.

ನಿಜವಾದ ಉತ್ಖನನ ಹತ್ತಿರದಲ್ಲೇ ನಡೆದಿದೆ: ನಮ್ಮದೇ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇಗುಲದಲ್ಲಿ 2013ರ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ದೊರೆಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಕ್ರಿ.ಶ. 370ರದೆಂದು ಗುರುತಿಸಿದೆ.

ಭದ್ರಾವತಿಯ ಮಕ್ಕಳೇ, ನಿಮ್ಮೂರಿನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇಗುಲಕ್ಕೆ ಕರಣೆ ಒಯ್ಯಬೇಡಿ. ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು.